ಪೆಪ್ಟೈಡ್ ಪ್ರಾಜೆಕ್ಟಿಗೆ ಯಾವ ದ್ರಾವಕ? ಅದು ಹೊರಗೆ ಹೋಗುವ ದಾರಿ ಮೊದಲು ನೋಡಿ

ಎಂಎಸ್ಸಿ ಪ್ರಾಜೆಕ್ಟಿನ ಕಾಲ ಬಂತೆಂದರೆ ನನ್ನ ಫೋನಿಗೆ ಒಂದೇ ಬಗೆಯ ಪ್ರಶ್ನೆಗಳು ಬರುತ್ತವೆ. ಕೇಳುವವರು ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮಕ್ಕಳು. ಹೈಸ್ಕೂಲಿನವರೆಗೆ ಕನ್ನಡ ಮಾಧ್ಯಮ, ಆಮೇಲೆ ಮಂಗಳೂರಿಗೋ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೋ ಹೋದವರು. ಈ ಸಲ ಒಬ್ಬಳು ಬರೆದದ್ದು ಹೀಗೆ: "ಗೈಡ್ ಎಫ್‌ಎಫ್ ಪೆಪ್ಟೈಡ್ ಕೊಟ್ಟಿದ್ದಾರೆ. ಪೇಪರುಗಳಲ್ಲೆಲ್ಲ ಎಚ್‌ಎಫ್‌ಐಪಿ ಅಂತ ಇದೆ. ನಮ್ಮ ಲ್ಯಾಬಿನಲ್ಲಿ ಇರುವುದು ಎಥೆನಾಲ್, ಡಿಎಂಎಸ್‌ಒ, ಟೊಲುವೀನ್. ಯಾವುದಾದರೂ ಒಂದು ಆಗುತ್ತದಾ?" ಇನ್ನೊಬ್ಬನಿಗೆ ಜೀವಕೋಶ ಬೆಳೆಸಲು ಜೆಲ್ ಬೇಕು. ಮತ್ತೊಬ್ಬನ ಕಷ್ಟ ನೇರವಾಗಿ ದುಡ್ಡಿನದು.

ಪೆಪ್ಟೈಡ್ ಎಂದರೆ ಅಮೈನೊ ಆಮ್ಲಗಳ ಸಣ್ಣ ಸರಪಳಿ. ದ್ರಾವಕದಲ್ಲಿ ಕರಗಿಸಿ ಹೊರತಂದರೆ ತನ್ನಷ್ಟಕ್ಕೇ ಜೋಡಿಸಿಕೊಂಡು ಒಂದು ಆಕಾರ ಕಟ್ಟುತ್ತದೆ. ಇವಳು ಹೆಸರಿಸಿದ ನಾಲ್ಕೂ ಅಂಥ ದ್ರಾವಕಗಳು. ಆಗುತ್ತದಾ ಎಂದರೆ ಆಗುತ್ತದೆ. ಆದರೆ ಒಂದೊಂದರಲ್ಲಿ ಒಂದೊಂದು ಆಗುತ್ತದೆ. ಅದೇ ಎಫ್‌ಎಫ್ ನೀರಿನಲ್ಲಿ ಕೊಳವೆ. ಟೊಲುವೀನಿನಲ್ಲಿ ಜೆಲ್. ಆ ಟೊಲುವೀನಿಗೆ ಎಥೆನಾಲ್ ಸೇರಿಸಿದರೆ ಹೂವಿನ ಹಾಗೆ ಅರಳಿದ ಸಣ್ಣ ಹರಳು. ಪುಡಿ ಅದೇ, ಬಾಟಲಿ ಮಾತ್ರ ಬೇರೆ.

ಈ ವಿಷಯಕ್ಕೆ ಹೊಸಬರಿದ್ದರೆ ಎರಡು ಮಾತು. ಫಿನೈಲ್ ಅಲನಿನ್ ಎಂಬ ಅಮೈನೊ ಆಮ್ಲದ ಎರಡು ತುಂಡು ಸೇರಿದರೆ ಎಫ್‌ಎಫ್. ಆಲ್‌ಝೈಮರ್ ಕಾಯಿಲೆಯಲ್ಲಿ ಮಿದುಳಿನಲ್ಲಿ ಗಂಟುಕಟ್ಟುವ ಅಮೈಲಾಯ್ಡ್ ಪೆಪ್ಟೈಡಿನ ನಡುವೆ, 19 ಮತ್ತು 20ನೇ ಜಾಗದಲ್ಲಿ, ಇದೇ ಜೋಡಿ ಕೂತಿದೆ. ಅಷ್ಟು ದೊಡ್ಡ ಸರಪಳಿ ಅಂಟಿಕೊಳ್ಳಲು ಈ ಪುಟ್ಟ ತುಂಡೇ ಸಾಕಾ ಎಂದು ನೋಡಲು ಹೊರಟವರು ಇಸ್ರೇಲಿನ ಟೆಲ್ ಅವೀವ್ ವಿಶ್ವವಿದ್ಯಾಲಯದ ಮೈತಲ್ ರೆಚೆಸ್ ಮತ್ತು ಎಹುದ್ ಗಾಝಿಟ್. 2003ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅವರು ತೋರಿಸಿದ್ದು ನ್ಯಾನೋಟ್ಯೂಬ್, ಅಂದರೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಕೊಳವೆ. ಯಾರೂ ಕಟ್ಟಲಿಲ್ಲ, ತನ್ನಷ್ಟಕ್ಕೇ ಜೋಡಿಸಿಕೊಂಡಿತು. ಅದರೊಳಗೆ ಬೆಳ್ಳಿ ತುಂಬಿಸಿ, ಹೊರಗಿನ ಪೆಪ್ಟೈಡನ್ನು ಕಿಣ್ವದಿಂದ ಕರಗಿಸಿ, ಬೆಳ್ಳಿಯ ತಂತಿಯನ್ನೂ ಹೊರತೆಗೆದರು.

ಮೊದಲು ಅಳತೆಗೋಲು

ದ್ರಾವಕ ಆರಿಸುವ ಮುಂಚೆ ಕೆಲವು ವಿಷಯ ಕಾಗದದ ಮೇಲೆ ಬರೆದುಕೊಳ್ಳಿ. ನಿಮಗೆ ಬೇಕಾದ ಆಕಾರ ಯಾವುದು? ಕೊಳವೆಯಾ, ನಾರಾ, ಗೋಲವಾ, ಜೆಲ್ಲಾ? ಆಮೇಲೆ ಅದನ್ನು ಮುಟ್ಟುವವರು ಯಾರು? ಜೀವಕೋಶ ಮುಟ್ಟಿದರೆ ಒಂದು ಲೆಕ್ಕ, ಎಲೆಕ್ಟ್ರೋಡ್ ಮುಟ್ಟಿದರೆ ಇನ್ನೊಂದು. ನಿಮ್ಮ ಕಣ್ಣು, ಶ್ವಾಸಕೋಶದ ಗತಿ ಏನು, ಉಳಿದ ದ್ರಾವಕ ಎಲ್ಲಿಗೆ ಹೋಗುತ್ತದೆ? ಕೈಯಲ್ಲಿ ದುಡ್ಡೆಷ್ಟು, ನೋಡಲು ಯಾವ ಮೈಕ್ರೋಸ್ಕೋಪ್ ಸಿಗುತ್ತದೆ?

ಇದೆಲ್ಲದಕ್ಕಿಂತ ದೊಡ್ಡ ಪ್ರಶ್ನೆ ಒಂದಿದೆ, ಅದನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ. ದ್ರಾವಕ ಹೊರಗೆ ಹೋಗುವುದು ಹೇಗೆ? ಪೆಪ್ಟೈಡ್ ಕರಗಿರುವಷ್ಟು ಹೊತ್ತು ಏನೂ ಕಟ್ಟುವುದಿಲ್ಲ. ದ್ರಾವಕದ ಹಿಡಿತ ಸಡಿಲವಾದಾಗಲೇ ಜೋಡಣೆ ಶುರು. ಆ ಹಿಡಿತ ಸಡಿಲ ಮಾಡಲು ನಾಲ್ಕು ದಾರಿ: ತಣಿಸುವುದು, ಇನ್ನೊಂದು ದ್ರವ ಬೆರೆಸಿ ತೆಳು ಮಾಡುವುದು, ಆವಿಯಾಗಿಸುವುದು, ಪಿಎಚ್ ಬದಲಿಸುವುದು. ಯಾವ ದಾರಿ, ಎಷ್ಟು ಬೇಗ ಎಂಬುದರ ಮೇಲೆ ಆಕಾರ ನಿಂತಿದೆ. ಕರಗುತ್ತದಾ ಎಂದಷ್ಟೇ ನೋಡಿ ಬಾಟಲಿ ತೆಗೆಯುವವರು ಅರ್ಧ ಲೆಕ್ಕ ಮಾಡಿದಂತೆ.

ಹಲಸಿನ ಮೇಣ, ಕೆಸುವಿನ ಎಲೆ

ನಮ್ಮ ಕಡೆ ಹಲಸಿನ ಹಣ್ಣು ಬಿಡಿಸುವಾಗ ಕೈಗೆ ಮೊದಲು ತೆಂಗಿನೆಣ್ಣೆ ಸವರುತ್ತೇವೆ. ಮೇಣ ನೀರಿಗೆ ಜಗ್ಗುವುದಿಲ್ಲ, ಎಣ್ಣೆಗೆ ಜಾರಿ ಬರುತ್ತದೆ. ಎಫ್‌ಎಫ್‌ನಲ್ಲಿ ಎಣ್ಣೆಯ ಸ್ವಭಾವ, ನೀರಿನ ಸ್ವಭಾವ ಎರಡೂ ಒಂದೇ ಮೈಯಲ್ಲಿವೆ. ಎರಡು ಫಿನೈಲ್ ಉಂಗುರಗಳು ಪತ್ರೊಡೆಗೆ ತರುವ ಕೆಸುವಿನ ಎಲೆಯ ಹಾಗೆ, ನೀರು ಕಂಡರೆ ದೂರ. ಎರಡು ತುದಿಗಳು ಮಾತ್ರ ವಿದ್ಯುದಂಶ ಹೊತ್ತಿವೆ, ಒಂದು ಧನ, ಒಂದು ಋಣ. ಅವಕ್ಕೆ ನೀರೆಂದರೆ ಇಷ್ಟ.

ನೀರಿನಲ್ಲಿ ಹಾಕಿದಾಗ ಉಂಗುರಗಳು ಒಂದಕ್ಕೊಂದು ಆತುಕೊಂಡು ನೀರಿನಿಂದ ತಪ್ಪಿಸಿಕೊಳ್ಳುತ್ತವೆ. ತುದಿಗಳು ಹೈಡ್ರೋಜನ್ ಬಂಧದಿಂದ ತಲೆಗೆ ಬಾಲ ಕೊಟ್ಟು ಸಾಲುಗಟ್ಟುತ್ತವೆ. ನಾರ್ವೆಯ ಓಸ್ಲೋದ ಗೋರ್ಬಿಟ್ಝ್ 2001ರಲ್ಲೇ ಎಫ್‌ಎಫ್ ಹರಳಿನ ಒಳರಚನೆ ಕಂಡುಹಿಡಿದಿದ್ದರು. ಆರು ಅಣು ಸೇರಿ ಒಂದು ಬಳೆ, ಬಳೆಯ ಮೇಲೆ ಬಳೆ ಪೇರಿಸಿದಂತೆ ಒಂದು ಸಣ್ಣ ಓಣಿ, ಓಣಿಯ ಅಗಲ ಸುಮಾರು 1 ನ್ಯಾನೋಮೀಟರ್. ಒಳಗೆ ನೀರಿನ ಅಣುಗಳು. ಅಂದರೆ ದ್ರಾವಕ ಬರೀ ಪಾತ್ರೆಯಲ್ಲ, ಗೋಡೆಗೆ ಸೇರಿದ ಕಲ್ಲು ಕೂಡ.

ಟೊಲುವೀನಿಗೆ ಹಾಕಿದರೆ ಆಟ ತಲೆಕೆಳಗು. ಅಲ್ಲಿ ಉಂಗುರಗಳಿಗೆ ನೆಂಟರಿಷ್ಟರೇ ಸುತ್ತಲೂ, ಅವು ಆರಾಮ. ತಪ್ಪಿಸಿಕೊಳ್ಳಬೇಕಾದವು ತುದಿಗಳು. ಅವು ಹೈಡ್ರೋಜನ್ ಬಂಧದಲ್ಲಿ ಬಿಗಿಯಾಗಿ ಹಿಡಿದುಕೊಂಡು ಉದ್ದ ತೆಳು ನಾರಾಗುತ್ತವೆ. ನಾರುಗಳ ಬಲೆಯಲ್ಲಿ ಟೊಲುವೀನ್ ಸಿಕ್ಕಿಕೊಂಡು ಜೆಲ್.

ದ್ರಾವಕಗಳನ್ನು ಹೋಲಿಸಲು ಜನ ಮೊದಲು ನೋಡುವ ಅಂಕಿ ಡೈಎಲೆಕ್ಟ್ರಿಕ್ ಸ್ಥಿರಾಂಕ. ವಿದ್ಯುದಂಶಗಳ ನಡುವಿನ ಸೆಳೆತವನ್ನು ದ್ರವ ಎಷ್ಟು ತಗ್ಗಿಸುತ್ತದೆ ಎಂಬ ಅಳತೆ ಅದು. ನೀರು 78ರ ಆಸುಪಾಸು, ಡಿಎಂಎಸ್‌ಒ 47, ಅಸಿಟೋನೈಟ್ರೈಲ್ 37, ಮೆಥನಾಲ್ 33, ಎಥೆನಾಲ್ 24, ಟೊಲುವೀನ್ 2.4. ಇದೊಂದನ್ನೇ ನಂಬಿದರೆ ಮೋಸ ಹೋಗುತ್ತೀರಿ. ಎಚ್‌ಎಫ್‌ಐಪಿಯ ಅಂಕಿ ಎಥೆನಾಲಿಗಿಂತ ಕಡಿಮೆ, ಸುಮಾರು 16. ಆದರೂ ಎಥೆನಾಲಿನಲ್ಲಿ ಹೆಣಗಾಡುವ ಎಫ್‌ಎಫ್ ಅದರಲ್ಲಿ ಸಕ್ಕರೆಯ ಹಾಗೆ ಕರಗುತ್ತದೆ. ಕಾರಣ ಹೈಡ್ರೋಜನ್ ಬಂಧ. ಎಚ್‌ಎಫ್‌ಐಪಿ ಹೈಡ್ರೋಜನ್ ಕೊಡುವುದರಲ್ಲಿ ಧಾರಾಳಿ, ತೆಗೆದುಕೊಳ್ಳುವುದರಲ್ಲಿ ಜಿಪುಣ. ಡಿಎಂಎಸ್‌ಒ ಇದಕ್ಕೆ ತದ್ವಿರುದ್ಧ, ಅದಕ್ಕೆ ತೆಗೆದುಕೊಳ್ಳುವುದು ಮಾತ್ರ ಗೊತ್ತು. ನೀರು ಮತ್ತು ಆಲ್ಕೋಹಾಲುಗಳು ಎರಡನ್ನೂ ಮಾಡುತ್ತವೆ. ಕೊಡುವವರು ಯಾರು, ತೆಗೆದುಕೊಳ್ಳುವವರು ಯಾರು ಎಂಬುದು ತಿಳಿದರೆ ಅರ್ಧ ಊಹೆ ಸರಿಯಾಗುತ್ತದೆ.

ಬಿಸಿನೀರು: ಎಲ್ಲರೂ ಮರೆಯುವ ಆಯ್ಕೆ

ಬಡವರ ದಾರಿ ಎಂದು ಇದನ್ನು ಮೂಲೆಗೆ ತಳ್ಳುತ್ತಾರೆ. ನನಗೆ ಇದೇ ಮೊದಲ ಆಯ್ಕೆ. ಎಫ್‌ಎಫ್ ತಣ್ಣೀರಿನಲ್ಲಿ ಮಿಲಿಲೀಟರಿಗೆ 1 ಮಿಲಿಗ್ರಾಂ ಕೂಡ ಕರಗುವುದಿಲ್ಲ. ಬಿಸಿ ಮಾಡಿದರೆ ಜಾಸ್ತಿ ಕರಗುತ್ತದೆ. 2 ಮಿಲಿಗ್ರಾಂ ಪುಡಿಗೆ 1 ಮಿಲಿಲೀಟರ್ ನೀರಿನ ಲೆಕ್ಕದಲ್ಲಿ 80-90 ಡಿಗ್ರಿಗೆ ಬಿಸಿ ಮಾಡಿ. ಪೂರ್ತಿ ತಿಳಿಯಾದ ಮೇಲೆ ತಣಿಯಲು ಬಿಡಿ. ಕೊಳವೆಗಳು ಬರುತ್ತವೆ.

ದ್ರಾವಕ ಹೊರಗೆ ಹೋಗುವ ಚಿಂತೆಯೇ ಇಲ್ಲ, ಏಕೆಂದರೆ ತಣಿಸುವುದೇ ಇಲ್ಲಿ ದಾರಿ. ವಿಷವಿಲ್ಲ, ಖರ್ಚಿಲ್ಲ, ಆವಿ ಹೀರಿ ಹೊರಹಾಕುವ ಫ್ಯೂಮ್ ಹುಡ್ ಬೇಡ. ಕೊಳವೆಗಳು ಮೈಕ್ರೋಮೀಟರ್ ದಪ್ಪಕ್ಕೆ ಬೆಳೆಯುವುದರಿಂದ ಕಾಲೇಜಿನ ಸಾಮಾನ್ಯ ಮೈಕ್ರೋಸ್ಕೋಪಿನಲ್ಲೇ ಉದ್ದುದ್ದ ಕಡ್ಡಿಗಳ ಹಾಗೆ ಕಾಣುತ್ತವೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಸರದಿಗೆ ತಿಂಗಳುಗಟ್ಟಲೆ ಕಾದವರಿಗೆ ಇದರ ಬೆಲೆ ಗೊತ್ತು.

ತೊಂದರೆಯೂ ಅಲ್ಲೇ ಇದೆ. ನ್ಯಾನೋ ಗಾತ್ರ ಬೇಕೆಂದರೆ ಈ ಕೊಳವೆ ದಪ್ಪವಾಯಿತು. ನಿಧಾನ ತಣಿಸಿದರೆ ದಪ್ಪ, ಉದ್ದ. ಬೇಗ ತಣಿಸಿದರೆ ಸಣ್ಣವು, ಆದರೆ ಗಾತ್ರ ಒಂದೇ ತೆರನಾಗಿ ಬರುವುದಿಲ್ಲ. ಗಂಟೆಗಟ್ಟಲೆ ಕುದಿಸುವುದು ಬೇಡ. ಜಾಸ್ತಿ ಬಿಸಿಯಲ್ಲಿ ಎಫ್‌ಎಫ್ ತನ್ನ ಬಾಲವನ್ನು ತಾನೇ ಕಚ್ಚಿಕೊಂಡು ಉಂಗುರವಾಗುವ ಸಾಧ್ಯತೆ ಇದೆ, ಆಮೇಲೆ ಅದು ಬೇರೆಯೇ ವಸ್ತು. ಇನ್ನೊಂದು ವಿಷಯ. ಕಟ್ಟಿದ ಕೊಳವೆಗೆ ಮತ್ತೆ ಜಾಸ್ತಿ ನೀರು ಹಾಕಿದರೆ ಕರಗಿ ಹೋಗುತ್ತದೆ. ತೊಳೆಯುತ್ತೇನೆಂದು ಮೂರು ಸಲ ನೀರು ಹಾಕಿ, ಕೊನೆಗೆ ಟ್ಯೂಬಿನಲ್ಲಿ ಏನೂ ಉಳಿಯದೆ ಕೂತವರನ್ನು ನೋಡಿದ್ದೇನೆ. ಅವರಲ್ಲಿ ಒಬ್ಬ ನಾನೇ.

ನೀರು ಎಂದರೆ ಡಿಸ್ಟಿಲ್ಡ್ ವಾಟರ್. ಮುರಕಲ್ಲಿನ ಬಾವಿಯ ನೀರು ಕುಡಿಯಲು ಚೆನ್ನ, ಆದರೆ ಸ್ವಲ್ಪ ಹುಳಿ ಗುಣದ್ದು, ಲವಣವೂ ಇರುತ್ತದೆ. ಪ್ರಯೋಗಕ್ಕೆ ಬೇಡ.

ಎಚ್‌ಎಫ್‌ಐಪಿ: ದುಬಾರಿ ನೆಂಟ, ಆದರೆ ಅಷ್ಟೇನೂ ಅಲ್ಲ

ಪೂರ್ತಿ ಹೆಸರು ಹೆಕ್ಸಾಫ್ಲೋರೊ ಐಸೊಪ್ರೊಪನಾಲ್. 2003ರ ಪ್ರಯೋಗದಲ್ಲಿ ಬಳಸಿದ್ದು ಇದನ್ನೇ. 1 ಮಿಲಿಲೀಟರಿಗೆ 100 ಮಿಲಿಗ್ರಾಂ ಪೆಪ್ಟೈಡ್ ಕರಗಿಸಿ, ಅದನ್ನು ನೀರಿಗೆ ಹಾಕಿ 2 ಮಿಲಿಗ್ರಾಂ ಮಟ್ಟಕ್ಕೆ ಇಳಿಸುವುದು. ಕ್ಷಣದಲ್ಲಿ ಕೊಳವೆ. ಬಿಸಿನೀರಿನ ದಾರಿಗಿಂತ ತೆಳು, ನೂರಾರು ನ್ಯಾನೋಮೀಟರ್ ಒಳಗೆ.

ಇದರ ಗುಟ್ಟು ಏನೆಂದರೆ ಇದು ಪೆಪ್ಟೈಡ್‌ಗಳನ್ನು ಪೂರ್ತಿ ಬಿಡಿಸಿಬಿಡುತ್ತದೆ. ಪುಡಿಯಲ್ಲಿ ಮೊದಲೇ ಇದ್ದ ಗಂಟುಗಳೆಲ್ಲ ಬಿಚ್ಚಿ ಒಂದೊಂದೇ ಅಣು ಆಗುತ್ತದೆ. ಆಲ್‌ಝೈಮರ್ ಅಮೈಲಾಯ್ಡ್ ಮೇಲೆ ಕೆಲಸ ಮಾಡುವವರು ಕೂಡ ಹಳೆಯ ಗಂಟು ಬಿಡಿಸಲು ಇದನ್ನೇ ಬಳಸುತ್ತಾರೆ. ಎಲ್ಲರೂ ಒಂದೇ ಗೆರೆಯಿಂದ ಓಡಲು ಶುರು ಮಾಡಿದ ಹಾಗೆ, ಫಲಿತಾಂಶ ಒಂದೇ ತೆರನಾಗಿ ಬರುವ ಸಾಧ್ಯತೆ ಹೆಚ್ಚು. ಅದಕ್ಕೇ ಈ ಸ್ಟಾಕನ್ನು, ಅಂದರೆ ನೀರಿಗೆ ಹಾಕುವ ಮುಂಚಿನ ಗಟ್ಟಿ ದ್ರಾವಣವನ್ನು, ಪ್ರತಿ ಸಲ ಹೊಸದಾಗಿ ಮಾಡಬೇಕು. ನಿನ್ನೆಯದು ಇಟ್ಟರೆ ಅದರೊಳಗೇ ಗಂಟು ಶುರುವಾಗಿರಬಹುದು.

ಬೆಲೆ ಕೇಳಿ ಹುಡುಗರು ಹೆದರುತ್ತಾರೆ. ಎಥೆನಾಲಿಗೆ ಹೋಲಿಸಿದರೆ ಹತ್ತಾರು ಪಟ್ಟು, ನಿಜ. ಆದರೆ ಬಾಟಲಿಯ ಬೆಲೆ ನೋಡಬೇಡಿ, ಹನಿಯ ಬೆಲೆ ನೋಡಿ. 100ರಿಂದ 2ಕ್ಕೆ ಇಳಿಸುವುದೆಂದರೆ 1 ಮಿಲಿಲೀಟರ್ ಮಾದರಿಗೆ 20 ಮೈಕ್ರೋಲೀಟರ್ ಸಾಕು. 5 ಮಿಲಿಲೀಟರಿನ ಸಣ್ಣ ಸೀಸೆಯಲ್ಲಿ 250 ಮಾದರಿ ಆಗುತ್ತದೆ. ಇಡೀ ಪ್ರಾಜೆಕ್ಟಿಗೆ ಅಷ್ಟು ಮಾದರಿ ಯಾರು ಮಾಡುತ್ತಾರೆ? ಪಕ್ಕದ ಲ್ಯಾಬಿನವರ ಜೊತೆ ಪಾಲು ಹಾಕಿಕೊಂಡರೆ ಮುಗಿಯಿತು.

ನನಗೆ ಇದರ ಬೆಲೆಗಿಂತ ಇದರ ಗುಣದ ಹೆದರಿಕೆ ಜಾಸ್ತಿ. 58-59 ಡಿಗ್ರಿಗೆ ಕುದಿಯುವುದರಿಂದ ಸುಮ್ನೆ ಇಟ್ಟರೂ ಹಾರುತ್ತದೆ. ಕಣ್ಣಿಗೆ ಬಿದ್ದರೆ ದೊಡ್ಡ ಅಪಾಯ, ಚರ್ಮ ಸುಡುತ್ತದೆ. ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಹಾಗಾಗಿ ಪಿಪೆಟ್ಟಿನ ತುದಿಯಿಂದ ಹನಿ ತಾನಾಗಿ ಜಾರುತ್ತದೆ. 20 ಮೈಕ್ರೋಲೀಟರ್ ಎಂದುಕೊಂಡದ್ದು 15 ಆಗಿರುತ್ತದೆ. ನೈಲಾನ್, ಪಿಇಟಿ, ಆಕ್ರಿಲಿಕ್‌ಗಳನ್ನು ಕರಗಿಸುತ್ತದೆ, ಆದ್ದರಿಂದ ಗಾಜಿನ ಸೀಸೆಯೇ ಸರಿ. ಫ್ಯೂಮ್ ಹುಡ್ ಇಲ್ಲದ ಲ್ಯಾಬಿನಲ್ಲಿ ಇದನ್ನು ತೆರೆಯಲೇಬೇಡಿ. ಇದರಲ್ಲಿ ಚೌಕಾಸಿ ಇಲ್ಲ.

ನೀರಿಗೆ ಹಾಕದೆ ಗಾಜಿನ ಮೇಲೆ ಹನಿ ಬಿಟ್ಟು ಆವಿಯಾಗಿಸಿದರೆ ಇನ್ನೊಂದು ಚಂದ. ಕೊಳವೆಗಳು ಗದ್ದೆಯಲ್ಲಿ ನೆಟ್ಟ ನೇಜಿಯ ಹಾಗೆ ನೆಟ್ಟಗೆ ನಿಲ್ಲುತ್ತವೆ. ಎಲೆಕ್ಟ್ರೋಡಿಗೆ ಲೇಪನ ಬೇಕಾದವರು, ಎಫ್‌ಎಫ್‌ನ ಪೀಝೋ ಗುಣ (ಒತ್ತಿದರೆ ವಿದ್ಯುತ್ ಹುಟ್ಟುವುದು) ಅಳೆಯುವವರು ಈ ದಾರಿ ಹಿಡಿಯುತ್ತಾರೆ.

ಡಿಎಂಎಸ್‌ಒ: ಬಂದವನು ಹೋಗುವುದಿಲ್ಲ

ಜೆಲ್ ಬೇಕೆಂದವರಿಗೆ ಈ ಮಾತು. ಇಲ್ಲಿ ಬಳಸುವುದು ಬರಿಯ ಎಫ್‌ಎಫ್ ಅಲ್ಲ, ತಲೆಗೆ ಎಫ್‌ಮಾಕ್ ಎಂಬ ದೊಡ್ಡ ಟೋಪಿ ಹಾಕಿದ ಎಫ್‌ಎಫ್. ಟೋಪಿ ಹಾಕಿದ ಮೇಲೆ ಒಂದು ತುದಿಯ ವಿದ್ಯುದಂಶ ಹೋಗುತ್ತದೆ, ನೀರಿಗೆ ಇನ್ನಷ್ಟು ಅಪ್ರಿಯವಾಗುತ್ತದೆ. ಡಿಎಂಎಸ್‌ಒದಲ್ಲಿ ಆದರೋ ಸುಖವಾಗಿ ಕರಗುತ್ತದೆ.

ವಿಧಾನ ಬಹಳ ಸುಲಭ. 100 ಮಿಲಿಗ್ರಾಂ ಮಟ್ಟದ ಸ್ಟಾಕ್ ಮಾಡಿ, ನೀರಿಗೆ ಹಾಕಿ 5 ಮಿಲಿಗ್ರಾಂಗೆ ಇಳಿಸಿ. ಮೊದಲು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ನಿಮಿಷಗಳು ಕಳೆದಂತೆ ಆ ಬಿಳುಪು ಹೋಗಿ ತಿಳಿಯಾಗುತ್ತದೆ, ಅಷ್ಟರಲ್ಲಿ ಗಟ್ಟಿ. ಟ್ಯೂಬ್ ಬೋರಲು ಹಾಕಿದರೂ ಬೀಳುವುದಿಲ್ಲ. ಮೊದಲ ಸಲ ನೋಡಿದವರಿಗೆ ಜಾದೂ. ಪ್ರಾಜೆಕ್ಟ್ ವೈವಾದಲ್ಲಿ ತೋರಿಸಲು ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಆದರೆ ನನ್ನ ದೊಡ್ಡ ಪ್ರಶ್ನೆ ಕೇಳಿ ನೋಡಿ: ಹೊರಗೆ ಹೋಗುವುದು ಹೇಗೆ? ಡಿಎಂಎಸ್‌ಒ ಕುದಿಯುವುದು 189 ಡಿಗ್ರಿಗೆ. ಆವಿಯಾಗಿ ಹೋಗುವ ಮಾತೇ ಇಲ್ಲ. ಮೇಲಿನ ಲೆಕ್ಕದಲ್ಲಿ ಜೆಲ್ಲಿನಲ್ಲಿ 5 ಶೇಕಡಾ ಡಿಎಂಎಸ್‌ಒ ಉಳಿಯಿತು. ಜೀವಕೋಶದ ಕೆಲಸದವರು ಸಾಮಾನ್ಯವಾಗಿ 1 ಶೇಕಡಾಕ್ಕಿಂತ ಕೆಳಗೇ ಇರಲು ನೋಡುತ್ತಾರೆ. ಜೆಲ್ಲಿನ ಮೇಲೆ ಕಲ್ಚರ್ ಮೀಡಿಯಂ ಹಾಕಿ ಮತ್ತೆ ಮತ್ತೆ ಬದಲಿಸಿ ತೊಳೆಯಬಹುದು, ಆದರೆ ಸಮಯ ಹಿಡಿಯುತ್ತದೆ. ತೊಳೆದದ್ದು ಎಷ್ಟು ಹೋಯಿತು ಎಂದು ಪರೀಕ್ಷಕರು ಕೇಳಿದರೆ ಉತ್ತರ ಇರಬೇಕು. ನಿಮ್ಮ ಕೈಗೆ ಬಿದ್ದರೂ ಹುಷಾರು. ಡಿಎಂಎಸ್‌ಒ ತಾನು ಅಷ್ಟು ವಿಷವಲ್ಲ, ಆದರೆ ಚರ್ಮದ ಮೂಲಕ ಒಳಗೆ ಹೋಗುವಾಗ ತನ್ನಲ್ಲಿ ಕರಗಿದ್ದನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಬಾಯಲ್ಲಿ ಬೆಳ್ಳುಳ್ಳಿ ರುಚಿ ಬಂದರೆ ಅದು ಒಳಗೆ ಹೋಗಿದೆ ಎಂದೇ ಅರ್ಥ.

ಒಂದು ಸಣ್ಣ ವಿಷಯ. ಇದು 18.5 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ನಮ್ಮೂರಿನ ಸೆಕೆಗೆ ಆ ಚಿಂತೆ ಇಲ್ಲ. ಎಸಿ ಜೋರಾಗಿಟ್ಟ ರೂಮಿನಲ್ಲಿ ಬಿಟ್ಟು ಹೋದರೆ ಮಾತ್ರ, ಬೆಂಗಳೂರಿನ ಚಳಿಗೆ ತೆಂಗಿನೆಣ್ಣೆ ಆದ ಹಾಗೆ, ಬೆಳಿಗ್ಗೆ ಗಟ್ಟಿ. ಬಾಟಲಿ ಹಾಳಾಯಿತೆಂದು ಎಸೆಯಬೇಡಿ.

ಜೀವಕೋಶಕ್ಕೇ ಜೆಲ್ ಬೇಕಾದರೆ ಸಾವಯವ ದ್ರಾವಕವೇ ಇಲ್ಲದ ದಾರಿ ಇದೆ. ಪೆಪ್ಟೈಡನ್ನು ಸ್ವಲ್ಪ ಕ್ಷಾರ ಹಾಕಿದ ನೀರಿನಲ್ಲಿ ಕರಗಿಸಿ, ಆಮೇಲೆ ಪಿಎಚ್ ಇಳಿಸುವುದು. ಆಮ್ಲದ ಹನಿ ನೇರವಾಗಿ ಹಾಕಿದರೆ ಹಾಲಿಗೆ ನಿಂಬೆ ಹಿಂಡಿದಂತೆ ಒಡೆದು ಗಂಟುಗಂಟು. ಲಿವರ್‌ಪೂಲಿನ ಡೇವ್ ಆಡಮ್ಸ್ ಮತ್ತು ಜೊತೆಗಾರರು 2009ರಲ್ಲಿ ಇದಕ್ಕೆ ಒಂದು ಉಪಾಯ ತೋರಿಸಿದರು. ಗ್ಲುಕೊನೊ ಡೆಲ್ಟಾ ಲ್ಯಾಕ್ಟೋನ್ ಎಂಬ ಪುಡಿ ಹಾಕಿ ಬಿಡುವುದು. ತೋಫು ಕಟ್ಟಲು ಬಳಸುವ ಪುಡಿಯೇ ಅದು. ನೀರಿನಲ್ಲಿ ನಿಧಾನವಾಗಿ ಆಮ್ಲವಾಗುತ್ತಾ ಹೋಗುತ್ತದೆ. ರಾತ್ರಿ ಹೆಪ್ಪು ಹಾಕಿ ಬೆಳಿಗ್ಗೆ ಮೊಸರು ನೋಡಿದ ಹಾಗೆ, ಮೇಲಿಂದ ಕೆಳಗಿನವರೆಗೆ ಒಂದೇ ಹದದ ಜೆಲ್. ಪುಡಿ ಅಗ್ಗ, ವಿಷವಿಲ್ಲ. ಕ್ಷಾರ ಜಾಸ್ತಿಯಾದರೆ ಎಫ್‌ಮಾಕ್ ಟೋಪಿಯೇ ಕಳಚಿ ಬೀಳಬಹುದು, ಅದೊಂದು ಎಚ್ಚರ ಇರಲಿ. ಕೊನೆಯ ಪಿಎಚ್ ಹುಳಿಯ ಕಡೆಗೆ ಜಾಸ್ತಿ ಹೋದರೆ ಜೀವಕೋಶಕ್ಕೆ ಅದೂ ಹಿತವಲ್ಲ, ಪುಡಿಯ ಅಳತೆ ನೋಡಿ ಹಾಕಿ.

ಈ ಎರಡು ದಾರಿಯ ಜೆಲ್ಲುಗಳ ಗಟ್ಟಿತನ ಒಂದೇ ಇರುವುದಿಲ್ಲ. ಪೆಪ್ಟೈಡ್ ಅದೇ, ಪ್ರಮಾಣ ಅದೇ, ಆದರೂ ನಾರಿನ ಬಲೆ ಹೆಣೆದ ರೀತಿ ಬೇರೆ. ಒಂದು ಪೇಪರಿನಲ್ಲಿ ಓದಿದ ಗಟ್ಟಿತನ ನಿಮಗೆ ಬರಲಿಲ್ಲ ಎಂದರೆ ಮೊದಲು ಅವರು ಜೆಲ್ ಕಟ್ಟಿದ ದಾರಿ ನೋಡಿ.

ಎಥೆನಾಲ್ ಮತ್ತು ಅದರ ಬಳಗ

ಎಥೆನಾಲ್ ಎಲ್ಲರಿಗೂ ಗೊತ್ತಿರುವ ಒಳ್ಳೆಯ ಹುಡುಗ. 78 ಡಿಗ್ರಿಗೆ ಕುದಿಯುತ್ತದೆ, ಸುಲಭವಾಗಿ ಹಾರುತ್ತದೆ, ಔಷಧದ ನಿಯಮಗಳಲ್ಲಿಯೂ ಕಡಿಮೆ ಅಪಾಯದ ಗುಂಪಿನಲ್ಲಿದೆ. ಕೊಳ್ಳುವಾಗ ಅಬಕಾರಿ ಕಾಗದಪತ್ರದ ಓಡಾಟ ಮಾತ್ರ ಇದೆ. ಬರಿಯ ಎಫ್‌ಎಫ್ ಇದರಲ್ಲಿ ಎಚ್‌ಎಫ್‌ಐಪಿಯ ಮಟ್ಟಕ್ಕೆ ಕರಗುವುದಿಲ್ಲ, ಹಾಗಾಗಿ ಅದರ ಬದಲಿ ಎಂದು ತಿಳಿಯಬೇಡಿ. ಟೋಪಿ ಹಾಕಿದ ಪೆಪ್ಟೈಡ್‌ಗಳಿಗೆ ಮಾತ್ರ ಬಹಳ ಒಳ್ಳೆಯದು. ಬಾಕ್ ಎಂಬ ಸಣ್ಣ ಟೋಪಿಯ ಎಫ್‌ಎಫ್ ಎಚ್‌ಎಫ್‌ಐಪಿ-ನೀರಿನ ದಾರಿಯಲ್ಲಿ ಕೊಳವೆಯಾಗುತ್ತದೆ, ಎಥೆನಾಲ್ ಬೆರೆತ ನೀರಿನಲ್ಲಿ ಗೋಲವಾಗುತ್ತದೆ. ಮದ್ದು ತುಂಬಿಸುವ ಗೋಲ ಬೇಕಾದವರು ಇಲ್ಲಿಂದ ಶುರು ಮಾಡಿ.

ಮೆಥನಾಲ್ ಅಗ್ಗ, ಚೆನ್ನಾಗಿಯೇ ಕರಗಿಸುತ್ತದೆ. ಆದರೆ ಕಣ್ಣು ಕಳೆಯುವ ವಿಷ. ಎಥೆನಾಲ್ ಇರುವಾಗ ಅದರ ಹಂಗು ಏಕೆ?

ಅಸಿಟೋನೈಟ್ರೈಲ್ ಹೆಚ್ಚಿನ ಲ್ಯಾಬುಗಳಲ್ಲಿ ಮಿಶ್ರಣ ಬೇರ್ಪಡಿಸುವ ಎಚ್‌ಪಿಎಲ್‌ಸಿ ಯಂತ್ರಕ್ಕಾಗಿ ಇದ್ದೇ ಇರುತ್ತದೆ. ನೀರಿಗೆ ಇದನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಹೋದರೆ ಎಫ್‌ಎಫ್ ದಪ್ಪ ಕೊಳವೆಯಿಂದ ತೆಳು ನಾರಿಗೆ ಜಾರುವುದು ಕಾಣುತ್ತದೆ. ದ್ರಾವಕದ ಪ್ರಭಾವವನ್ನೇ ಪ್ರಾಜೆಕ್ಟಿನ ವಿಷಯ ಮಾಡಿಕೊಂಡವರಿಗೆ ಇದಕ್ಕಿಂತ ಚೊಕ್ಕ ಪ್ರಯೋಗ ಸಿಗುವುದು ಕಷ್ಟ: ಒಂದೇ ಪೆಪ್ಟೈಡ್, ಎರಡೇ ದ್ರವ, ಆರೇಳು ಅನುಪಾತ, ಒಂದು ಚಂದದ ಸಾಲು ಚಿತ್ರ. ಮೈಯೊಳಗೆ ಹೋದರೆ ಸಯನೈಡ್ ಆಗುತ್ತದೆ ಎಂಬುದು ನೆನಪಿರಲಿ. ಔಷಧದ ನಿಯಮದಲ್ಲಿ ಇದರ ಉಳಿಕೆಗೆ ಮಿತಿ 410 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 410 ಪಾಲು. ಎಥೆನಾಲಿಗೆ 5,000 ಪಿಪಿಎಂವರೆಗೆ ತಕರಾರಿಲ್ಲ.

ಟೊಲುವೀನ್: ಹುಡ್ ಇದ್ದರೆ ಮಾತ್ರ

ಇದರ ಜೆಲ್ ನೀರಿನ ಜೆಲ್ ಅಲ್ಲ, ಎಣ್ಣೆ ಬಗೆಯ ಜೆಲ್. ಜೀವಕೋಶದ ಕೆಲಸಕ್ಕೆ ದಂಡ. ನೀರಿನಲ್ಲಿ ಕರಗದ ಬಣ್ಣಗಳನ್ನು, ಬೆಳಕು ಸೂಸುವ ನ್ಯಾನೋ ಕಣಗಳಾದ ಕ್ವಾಂಟಮ್ ಡಾಟ್‌ಗಳನ್ನು ಹಿಡಿದಿಡಲು ಬೇಕಾದವರಿಗೆ ಸರಿ. 110 ಡಿಗ್ರಿಗೆ ಕುದಿಯುತ್ತದೆ, ವಾಸನೆಗೆ ತಲೆ ತಿರುಗುತ್ತದೆ, ಬೆಂಕಿಗೆ ಹತ್ತಿರದ ನೆಂಟ. ಇಂಥ ದ್ರಾವಕಗಳಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಹೈಡ್ರೋಜನ್ ಬಂಧ ಮಾಡದ ದ್ರಾವಕಕ್ಕೆ ಬಂಧ ಮಾಡುವ ದ್ರವ ಚೂರೇ ಚೂರು ಸೇರಿದರೂ ರಚನೆ ಬದಲಾಗುತ್ತದೆ. ನೀರಿನ ಹನಿ, ಎಥೆನಾಲಿನ ಹನಿ, ಯಾವುದಾದರೂ ಸಾಕು.

ಮಳೆಗಾಲ ಮತ್ತು ಬಾವಿ

ಇಲ್ಲಿ ನಮ್ಮೂರಿನ ಮಾತು ಬರುತ್ತದೆ. ಕಾಸರಗೋಡಿಗೆ ವರ್ಷಕ್ಕೆ ಸರಾಸರಿ 3,500 ಮಿಲಿಮೀಟರ್ ಆಸುಪಾಸು ಮಳೆ. ಜೂನ್-ಜುಲೈಯಲ್ಲಿ ಹಪ್ಪಳವೇ ಮೆತ್ತಗಾಗುವ ಊರಿನಲ್ಲಿ ದ್ರಾವಕ ಒಣಗಿರುತ್ತದಾ? ಒಮ್ಮೆ ಏಪ್ರಿಲಿನಲ್ಲಿ ಗಾಜಿನ ಮೇಲೆ ಎಚ್‌ಎಫ್‌ಐಪಿ ಆವಿಯಾಗಿಸಿ ಚಂದದ ಪದರ ತೆಗೆದಿದ್ದೆ. ಜುಲೈಯಲ್ಲಿ ಅದೇ ಕೈ, ಅದೇ ಪುಡಿ, ಅದೇ ಸೀಸೆ, ಬಂದದ್ದು ಗಲೀಜು. ಎರಡು ವಾರ ಪೆಪ್ಟೈಡನ್ನು ಬೈದೆ. ಕೊನೆಗೆ ಹೊಳೆಯಿತು. ಬೇಗ ಹಾರುವ ದ್ರಾವಕ ಹಾರುವಾಗ ಗಾಜನ್ನು ತಣಿಸುತ್ತದೆ, ತಣಿದ ಗಾಜಿನ ಮೇಲೆ ಗಾಳಿಯ ನೀರು ಮಂಜಿನಂತೆ ಕೂರುತ್ತದೆ. ನಾನು ಹಾಕದ ನೀರನ್ನು ಮಳೆಗಾಲ ಹಾಕಿತ್ತು. ಸಿಲಿಕಾ ಜೆಲ್ ಇಟ್ಟ ಡೆಸಿಕೇಟರಿನೊಳಗೆ ಆವಿಯಾಗಿಸಿದೆ, ಸರಿಯಾಯಿತು. ಆವಿಯ ದಾರಿ ಹಿಡಿಯುವವರು ನೋಟ್‌ಬುಕ್ಕಿನಲ್ಲಿ ಆ ದಿನದ ತೇವಾಂಶವನ್ನೂ ಬರೆಯಿರಿ.

ನೋಡುವ ಹೊತ್ತಿನಲ್ಲೂ ಇದೇ ಕತೆ. ಎಸ್‌ಇಎಂ ಎಂಬ ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಒಣ ಮಾದರಿ ಬೇಕು. ನೀವು ಒಣಗಿಸುವಾಗ ದ್ರಾವಕ ಹೋಗುತ್ತದೆ, ಹೋಗುತ್ತಾ ಇನ್ನೊಂದಿಷ್ಟು ಜೋಡಿಸಿ ಹೋಗುತ್ತದೆ. ಜೆಲ್ಲಿನ ನಾರುಗಳು ಒಣಗಿ ಒಂದಕ್ಕೊಂದು ಅಂಟಿ ದಪ್ಪ ಹಗ್ಗದ ಹಾಗೆ ಕಾಣುತ್ತವೆ. ಒದ್ದೆ ಮಾದರಿಯನ್ನು ಸಾಮಾನ್ಯ ಮೈಕ್ರೋಸ್ಕೋಪಿನಲ್ಲಿ ಮೊದಲೊಮ್ಮೆ ನೋಡಿಕೊಂಡಿರಿ.

ಇನ್ನು ಚೆಲ್ಲುವ ವಿಷಯ. ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಜಾಸ್ತಿ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿಕೊಂಡ ಜಿಲ್ಲೆ ನಮ್ಮದು. ಇಲ್ಲಿನ ಎಣ್ಮಕಜೆ ಗ್ರಾಮದ ಮನೆಗಳಲ್ಲಿ ಆ ಕೀಟನಾಶಕದಿಂದ ಏನಾಯಿತೆಂದು ಯಾರಿಗೂ ಹೇಳಿಕೊಡಬೇಕಿಲ್ಲ. ಇಲ್ಲಿ ಗುಡ್ಡಕ್ಕೆ ಅಡ್ಡಡ್ಡ ಸುರಂಗ ಕೊರೆದು, ಮುರಕಲ್ಲಿನಿಂದ ಒಸರುವ ನೀರನ್ನು ಕುಡಿಯುವವರಿದ್ದಾರೆ. ಮೇಲೆ ಚೆಲ್ಲಿದ್ದು ಕೆಳಗೆ ಬರುತ್ತದೆ. ಎಚ್‌ಎಫ್‌ಐಪಿಯಂಥ ಫ್ಲೋರಿನ್ ಸಂಯುಕ್ತ ಮಣ್ಣಿನಲ್ಲಿ ಸುಲಭಕ್ಕೆ ಕೊಳೆಯುವುದಿಲ್ಲ. ಸಿಂಕಿಗೆ ಸುರಿಯಬೇಡಿ. ಹ್ಯಾಲೊಜನ್ ಇರುವುದಕ್ಕೆ ಒಂದು ಕ್ಯಾನ್, ಇಲ್ಲದ್ದಕ್ಕೆ ಇನ್ನೊಂದು. ನಿಮ್ಮ ಕಾಲೇಜಿನಲ್ಲಿ ಆ ವ್ಯವಸ್ಥೆ ಇಲ್ಲದಿದ್ದರೆ ಆ ದ್ರಾವಕವನ್ನು ಪಟ್ಟಿಯಿಂದಲೇ ತೆಗೆಯುವುದು ಒಳ್ಳೆಯದು. ನನಗೆ ಇದು ಬೆಲೆಗಿಂತ ಮೇಲಿನ ಅಳತೆ.

ಹಾಗಾದರೆ ನಿಮಗೆ ಯಾವುದು?

ಮೂರು ತಿಂಗಳ ಪ್ರಾಜೆಕ್ಟ್, ಕೈಯಲ್ಲಿ ದುಡ್ಡಿಲ್ಲ, ಹುಡ್ ಇಲ್ಲ ಎಂದರೆ ಯೋಚನೆಯೇ ಬೇಡ, ಬಿಸಿನೀರು. ತಣಿಸುವ ವೇಗವನ್ನು ಬದಲಿಸುತ್ತಾ ಹೋದರೆ ಅದೇ ಒಂದು ಅಧ್ಯಾಯವಾಗುತ್ತದೆ. ತೆಳು ಕೊಳವೆ ಬೇಕು, ಹುಡ್ ಇದೆ, ಎಸ್‌ಇಎಂ ಸಿಗುತ್ತದೆ ಎನ್ನುವವರು ಎಚ್‌ಎಫ್‌ಐಪಿಯ ಸಣ್ಣ ಸೀಸೆ ತರಿಸಿ. ಜೀವಕೋಶ ಬೆಳೆಸುವವನಿಗೆ ನಾನು ಹೇಳಿದ್ದು ಲ್ಯಾಕ್ಟೋನಿನ ದಾರಿ. ಅವನ ಗೈಡಿಗೆ ಡಿಎಂಎಸ್‌ಒವೇ ಬೇಕಂತೆ. ಸರಿ, ತೊಳೆಯುವ ದಿನಗಳನ್ನೂ ವೇಳಾಪಟ್ಟಿಯಲ್ಲಿ ಸೇರಿಸಿಕೋ ಎಂದೆ. ಗೋಲ ಬೇಕಾದವರಿಗೆ ಬಾಕ್ ಟೋಪಿ ಮತ್ತು ಎಥೆನಾಲ್. ಟೊಲುವೀನನ್ನು ಕೆಲಸವೇ ಅದನ್ನು ಕೇಳಿದರೆ ಮಾತ್ರ ಮುಟ್ಟಿ.

ಪುಡಿ ಕೊಳ್ಳುವಾಗ ಲೇಬಲ್ ಓದಿ. ಕೆಲವು ಪೆಪ್ಟೈಡ್‌ಗಳು ಟಿಎಫ್‌ಎ ಲವಣವಾಗಿ ಬರುತ್ತವೆ. ಟಿಎಫ್‌ಎ ಎಂದರೆ ಟ್ರೈಫ್ಲೋರೊ ಅಸಿಟಿಕ್ ಆಮ್ಲ, ಅದು ನಿಮ್ಮ ಪಿಎಚ್ ಲೆಕ್ಕವನ್ನು ಸದ್ದಿಲ್ಲದೆ ಕೆಡಿಸುತ್ತದೆ.

ಮೊದಲು ಕೇಳಿದವಳಿಗೆ ಉತ್ತರ: ನಿನ್ನದು ಬರಿಯ ಎಫ್‌ಎಫ್, ಟೋಪಿ ಇಲ್ಲ. ಹಾಗಾಗಿ ನಿನ್ನ ಮೂರು ಬಾಟಲಿಗಳನ್ನೂ ಸದ್ಯಕ್ಕೆ ಕಪಾಟಿನಲ್ಲೇ ಇಡು. ಒಂದು ಬೀಕರ್ ಡಿಸ್ಟಿಲ್ಡ್ ವಾಟರ್ ಬಿಸಿಗಿಡು. ಕೊಳವೆ ಕಂಡ ಮೇಲೆ ಇನ್ನೊಂದು ಟ್ಯೂಬಿನಲ್ಲಿ ಹತ್ತು ಶೇಕಡಾ ಎಥೆನಾಲ್ ಸೇರಿಸಿ, ಮತ್ತೊಂದರಲ್ಲಿ ಇಪ್ಪತ್ತು ಸೇರಿಸಿ ಅದೇ ವೇಗದಲ್ಲಿ ತಣಿಸು. ಮೂರರ ಫೋಟೋವನ್ನೂ ಕಳಿಸು. ಆಮೇಲೆ ಎಚ್‌ಎಫ್‌ಐಪಿ ಬೇಕಾ ಬೇಡವಾ ಎಂದು ಮಾತಾಡೋಣ.